ಆಳಿಲ್ಲದೆ ಶುರುವಾಗುವ ಕಾರು

ಕೆಟ್ಟುಹೋದ ವಸ್ತುಗಳ ಮೇಲೆ ನನಗೆ ಯಾವ ಸಿಟ್ಟೂ ಇಲ್ಲ. ಕೆಟ್ಟಿತು ಎಂದರೆ ಕೆಟ್ಟಿತು. ಮೂಲೆಗೆ ಸರಿಸಿ, ಒಂದು ನಿಟ್ಟುಸಿರು ಬಿಟ್ಟು ಬೇರೆ ಕೆಲಸ ನೋಡಬಹುದು. ಸರಿಯಾಗಿರುವ ವಸ್ತುಗಳಂತೂ ಮನೆಯಲ್ಲಿ ಇವೆಯೆಂಬುದೇ ನೆನಪಿರುವುದಿಲ್ಲ. ಮನುಷ್ಯರ ತಲೆ ಕೆಡಿಸುವುದು ಮೂರನೆಯ ಜಾತಿ. ಮಧ್ಯಾಹ್ನ ಸರಿ ಇದ್ದು ಬೆಳಿಗ್ಗೆ ಕೆಟ್ಟಿರುವವು. ಮೆಕ್ಯಾನಿಕ್ಕಿನ ಎದುರು ಸಾಧುವಾಗಿ ನಿಂತು, ಅವನು ಬೆನ್ನು ಹಾಕಿದೊಡನೆ ನಮ್ಮನ್ನು ನೋಡಿ ಹಲ್ಲು ಕಿಸಿಯುವವು. ಕಳೆದ ಬೇಸಿಗೆಯಲ್ಲಿ ಅಂಥದೊಂದು ವಸ್ತು ನನ್ನನ್ನು ಹತ್ತು ಹನ್ನೊಂದು ದಿನ ಬುಗುರಿಯ ಹಾಗೆ ತಿರುಗಿಸಿತು. ತಿರುಗುವುದು ನಿಂತಾಗ ನಾನು ಯಾವ ಕಡೆ ಮುಖ ಮಾಡಿದ್ದೆನೋ, ಅದನ್ನೇ ಹೇಳಲು ಹೊರಟಿದ್ದೇನೆ.

ಹಾಲಾಡಿ ಪೇಟೆಯಲ್ಲಿ ನಾಲ್ಕು ಕಡೆಯ ಬಸ್ಸುಗಳು ಸೇರುವ ಸರ್ಕಲಿನ ಹತ್ತಿರ ನನ್ನದೊಂದು ಜೆರಾಕ್ಸ್ ಅಂಗಡಿ. ಮನೆ ಅಲ್ಲಿಂದ ಒಳಗೆ, ಮುರಕಲ್ಲಿನ ಗುಡ್ಡದ ಇಳಿಜಾರಿನಲ್ಲಿ. ಮನೆಗೂ ಅಂಗಡಿಗೂ ಓಡಾಡಲು ಒಂದು ಸೆಕೆಂಡ್ ಹ್ಯಾಂಡ್ ಕಾರು. ಬಣ್ಣ ಕಪ್ಪು. ನಮ್ಮ ಕರಾವಳಿಯ ಬಿಸಿಲಿಗೆ ಕಪ್ಪು ಕಾರು ತೆಗೆದುಕೊಂಡವಳ ಬುದ್ಧಿಯ ಬಗ್ಗೆ ನೀವು ಏನು ಯೋಚಿಸುತ್ತಿದ್ದೀರೋ, ಅದನ್ನು ನಮ್ಮವರು ಆಗಲೇ ಹೇಳಿ ಮುಗಿಸಿದ್ದಾರೆ. ಅವರು ಶಾಲೆಯೊಂದರಲ್ಲಿ ಕ್ಲಾರ್ಕು. ಕಾರು ಬಿಡಲು ಕಲಿತವರಲ್ಲ, ಪಕ್ಕದ ಸೀಟಿನಲ್ಲಿ ಕುಳಿತು ಬಿಡಿಸುವವರು.

ಇಳಿಜಾರಿನಲ್ಲಿ ಬದುಕುವವರಿಗೆ ಕಾರು ನಿಲ್ಲಿಸಲು ಒಂದು ಪದ್ಧತಿಯಿದೆ. ಫಸ್ಟ್ ಗೇರಿನಲ್ಲೇ ಬಿಟ್ಟು, ಚಕ್ರಕ್ಕೊಂದು ಮುರಕಲ್ಲಿನ ತುಂಡು ಕೊಡುವುದು. ನನಗೆ ಡ್ರೈವಿಂಗ್ ಕಲಿಸಿದ ಮುದುಕ ಡ್ರೈವರು, "ಹ್ಯಾಂಡ್‌ಬ್ರೇಕ್ ಅಂದ್ರೆ ನೆಂಟ್ರ್ ಇದ್ದಂಗೆ, ಎಷ್ಟೊತ್ತಿಗೆ ಎದ್ದ್ ಹೋತ್ರ್ ಅಂದೇಳಿ ಹೇಳುಕಾತಿಲ್ಲೆ. ಗೇರ್ ಮನೆಯವ್ರ್ ಇದ್ದಂಗೆ" ಎಂದಿದ್ದರು. ಅಂದಿನಿಂದ ನಾನು ಮನೆಯವರನ್ನೇ ನಂಬಿದವಳು. ಆದರೆ ಗೇರಿನಲ್ಲಿ ಬಿಟ್ಟದ್ದು ಬೆಳಿಗ್ಗೆ ನೆನಪಿರಬೇಕಲ್ಲ! ಎರಡು ವರ್ಷದ ಹಿಂದೆ ಒಂದು ದಿನ, ಕಲ್ಲು ತೆಗೆದು, ಒಳಗೆ ಕುಳಿತು, ಕ್ಲಚ್ಚು ಒತ್ತದೆ ಕೀ ತಿರುಗಿಸಿಬಿಟ್ಟೆ. ಕಾರು ಕಪ್ಪೆಯಂತೆ ಒಂದು ನೆಗೆತ ನೆಗೆದು ಎದುರಿನ ತುಳಸಿಕಟ್ಟೆಯ ಮೂಲೆಯನ್ನು ಒಡೆದು ನಿಂತಿತು. ಕಟ್ಟೆಯ ಆಚೆ ಬದಿಯಲ್ಲಿ ನನ್ನ ಅತ್ತೆ ಪ್ರದಕ್ಷಿಣೆ ಬರುತ್ತಿದ್ದರು. ಒಂದೇ ಹೆಜ್ಜೆ ಮುಂದೆ ಇದ್ದಿದ್ದರೆ, ಬೇಡ, ಅದನ್ನು ಈಗಲೂ ಯೋಚಿಸಲಾರೆ. ಒಡೆದುಬಿದ್ದ ಮೂಲೆಯನ್ನು ಅತ್ತೆ ನೋಡಿದರು, ನನ್ನನ್ನು ನೋಡಿದರು, ಉಳಿದ ಎರಡು ಸುತ್ತು ಮುಗಿಸಿ ಒಳಗೆ ಹೋದರು. ಒಂದು ಮಾತೂ ಬೈಯಲಿಲ್ಲ. ಬೈದಿದ್ದರೆ ಇಷ್ಟು ಹೊತ್ತಿಗೆ ಮರೆತಿರುತ್ತಿದ್ದೆ.

ಈ ಅತ್ತೆಗೆ ಈಗ ಎಪ್ಪತ್ತಾರು. ಎರಡು ಕಣ್ಣಿಗೂ ಪೊರೆ ಬಂದಿತ್ತು. ಮೊದಲೆಲ್ಲ ಜಗಲಿಯಲ್ಲಿ ಕುಳಿತು ಮೇಲಿನ ರಸ್ತೆಯಲ್ಲಿ ಹೋಗುವ ಬಸ್ಸನ್ನು ಬಣ್ಣದಲ್ಲೇ ಗುರುತು ಹಿಡಿದು, ಅದರಿಂದ ಇಳಿದವರು ಯಾರು, ಯಾರ ಮನೆಗೆ ಹೊರಟರು ಎಂಬವರೆಗೆ ವರದಿ ಕೊಡುತ್ತಿದ್ದವರು ಬರಬರುತ್ತಾ ಬಸ್ಸನ್ನು ಹಾರ್ನಿನಲ್ಲಿ ಗುರುತಿಸತೊಡಗಿದರು. ಮಜ್ಜಿಗೆ ಲೋಟದ ಪಕ್ಕ ಬೀಳತೊಡಗಿತು. ಅಬ್ಬಲಿಗೆ ಕಟ್ಟುವುದನ್ನು ಒಂದು ದಿನ ಸದ್ದಿಲ್ಲದೆ ನಿಲ್ಲಿಸಿದರು; ಬುಟ್ಟಿಯಲ್ಲಿ ಬಾಡಿದ ಹೂ ನೋಡಿದ ದಿನ ನನಗೆ ಅಳು ಬಂತು. ಕುಂದಾಪುರದ ಕಣ್ಣಿನ ಡಾಕ್ಟರು, "ಇನ್ನು ತಡ ಮಾಡಿದರೆ ಪೊರೆ ಗಟ್ಟಿಯಾಗುತ್ತದೆ, ತೆಗೆಯುವುದು ಕಷ್ಟ" ಎಂದು ಒಂದು ಗುರುವಾರವನ್ನು ಗೊತ್ತು ಮಾಡಿದರು. ಅದು ತಪ್ಪಿದರೆ ಮತ್ತೆ ಮಳೆಗಾಲ ಕಳೆದ ಮೇಲೆಯೇ. ನಮ್ಮ ಅತ್ತೆಯನ್ನು ಬಲ್ಲವರಿಗೆ ಇದರ ಅರ್ಥ ಗೊತ್ತು: ತಪ್ಪಿತೋ, ಮತ್ತೆ ಎಂದೂ ಇಲ್ಲ.

ಅತ್ತೆ ಬರುವುದಿಲ್ಲ ಎಂದು ಹೇಳಲಿಲ್ಲ. ಅವರು ಯಾವುದಕ್ಕೂ ಬರುವುದಿಲ್ಲ ಎನ್ನುವವರಲ್ಲ, ಬಾರದಿರಲು ಕಾರಣ ಕೊಡುವವರು. "ಆ ಒಲೆ ಒಳ್ಗೆ ಕೂಕಂಡ್ ಕುಂದಾಪ್ರಕ್ಕೆ ಹೋಪುದಾ? ಕಣ್ಣ್ ಬಪ್ಪುಕೆ ಮುಂಚೆ ಜೀವ ಹೋತ್ತ್" ಎಂದರು. ಮಾತು ಸುಳ್ಳಲ್ಲ. ಬಿಸಿಲಲ್ಲಿ ನಿಂತ ನಮ್ಮ ಕಾರಿನ ಬಾಗಿಲು ತೆಗೆದರೆ ಭತ್ತ ಬೇಯಿಸುವ ಹಂಡೆಯ ಮುಚ್ಚಳ ತೆಗೆದ ಹಾಗೆ; ಆ ಬಿಸಿ ವಾಸನೆಗೆ ಅತ್ತೆಗೆ ತಲೆ ತಿರುಗಿ ವಾಂತಿಯಾಗುತ್ತದೆ. ಈ ಸಂಗತಿ ಮುಂಬಯಿಯಲ್ಲಿ ಕ್ಯಾಂಟೀನು ನಡೆಸುವ ನನ್ನ ಮೈದುನ ರಮೇಶನ ಕಿವಿಗೆ ಬಿತ್ತು. ಮುಂಬಯಿಗೆ ಹೋದ ನಮ್ಮ ಊರಿನವರಿಗೆ ಊರಿನ ಎಲ್ಲ ಸಮಸ್ಯೆಗೂ ಮುಂಬಯಿಯಲ್ಲಿ ಸಿಗುವ ಒಂದು ಪೆಟ್ಟಿಗೆ ಉತ್ತರವಾಗಿ ಕಾಣುತ್ತದೆ. ವಾರದೊಳಗೆ ಬಸ್ಸಿನಲ್ಲಿ ಪೆಟ್ಟಿಗೆ ಬಂತು. ರಿಮೋಟ್ ಸ್ಟಾರ್ಟರ್! ಮನೆಯೊಳಗಿಂದ ಗುಂಡಿ ಒತ್ತಿದರೆ ಅಂಗಳದಲ್ಲಿ ಕಾರು ತಾನೇ ಶುರುವಾಗಿ, ಎಸಿ ಹಾಕಿಕೊಂಡು, ನಾವು ಹೋಗುವಷ್ಟರಲ್ಲಿ ತಣ್ಣಗಾಗಿರುತ್ತದಂತೆ.

ಅದನ್ನು ಜೋಡಿಸಿದವನು ಕೋಟೇಶ್ವರದ ಕಡೆಯ ಆಟೋ ಎಲೆಕ್ಟ್ರಿಷಿಯನ್ ರಘು. ಭಾನುವಾರ ಮನೆಗೇ ಬಂದ. ಸ್ಟೀರಿಂಗಿನ ಕೆಳಗಿನಿಂದ ಅವನು ಎಳೆದು ಹಾಕಿದ ವೈರುಗಳನ್ನು ನೋಡಿ ನನಗೆ ಕೋಳಿಯ ಹೊಟ್ಟೆ ಬಗೆದದ್ದನ್ನು ನೋಡಿದ ಹಾಗೆ ಸಂಕಟವಾಯಿತು. ಸಂಜೆಯ ಹೊತ್ತಿಗೆ ಎಲ್ಲವನ್ನೂ ಒಳಗೆ ತುಂಬಿ ಮುಚ್ಚಿದ. ನಮ್ಮದು ಗೇರಿನ ಕಾರಾದ್ದರಿಂದ ನಿಲ್ಲಿಸಲು ಒಂದು ಕ್ರಮವಿದೆ ಎಂದು ತೋರಿಸಿಕೊಟ್ಟ: ಗೇರು ನ್ಯೂಟ್ರಲಿನಲ್ಲಿ ಇರಬೇಕು, ಹ್ಯಾಂಡ್‌ಬ್ರೇಕು ಎಳೆಯಬೇಕು, ಎಂಜಿನು ಓಡುತ್ತಿರುವಾಗಲೇ ರಿಮೋಟಿನ ಗುಂಡಿ ಒತ್ತಿ ಕೀ ತೆಗೆದು ಇಳಿಯಬೇಕು, ಬಾಗಿಲು ಹಾಕಬೇಕು. ಆಗ ಎಂಜಿನು ತಾನೇ ನಿಲ್ಲುತ್ತದೆ, ಮುಂದಿನ ಸಲ ಕರೆದಾಗ ಏಳಲು ತಯಾರಾಗಿ. ಇಳಿಜಾರಾದ್ದರಿಂದ ಚಕ್ರಕ್ಕೆ ಕಲ್ಲಂತೂ ಇರಲಿ ಎಂದ. ಅವನು ಇನ್ನೂ ಏನೋ ಹೇಳುತ್ತಿದ್ದ. ನಾನು ಆಗಲೇ ಮೊಬೈಲು ಎತ್ತಿ ಹಿಡಿದು ಮುಂಬಯಿಗೆ ವಿಡಿಯೊ ತೋರಿಸುವ ಸಂಭ್ರಮದಲ್ಲಿದ್ದೆ. ಅವನ ಹತ್ತಿರ ನಿಂತದ್ದು ಅತ್ತೆ ಒಬ್ಬರೇ.

ಗುಂಡಿ ಒತ್ತಿದೆ. ಕಾರು ಒಮ್ಮೆ ಕೆಮ್ಮಿ ಶುರುವಾಯಿತು. ಮೊಬೈಲಿನೊಳಗಿಂದ ರಮೇಶ "ಕಾಣ್ ಅಮ್ಮಾ, ಕಾಣ್!" ಎಂದು ಕುಣಿದ. ಅತ್ತೆ ಕಣ್ಣು ಕಿರಿದು ಮಾಡಿ ಕಾರಿನ ಹತ್ತಿರ ಹೋಗಿ, ತೆರೆದಿದ್ದ ಕಿಟಕಿಯಿಂದ ಕೈ ಹಾಕಿ ಡ್ರೈವರ್ ಸೀಟನ್ನು ತಡವಿದರು. ಯಾರೂ ಇಲ್ಲ. ಎರಡು ಹೆಜ್ಜೆ ಹಿಂದೆ ಬಂದರು.

"ಆಳಿಲ್ದೆ ಶುರುವಾಪ ಗಾಡಿಗೆ ನಾ ಕೂಕಂಬುದಿಲ್ಲೆ," ಎಂದರು. "ಶುರುವಾಪುಕೆ ಆಳ್ ಬ್ಯಾಡ ಅಂದೇಳಾರೆ, ಹೋಪುಕೆ ಆಳ್ ಬೇಕ್ ಅಂದೇಳಿ ಅದ್ಕೆ ಹೇಳುವವ್ರ್ ಯಾರ್?"

ಹೀಗೆ, ಒಂದು ಕಾರಣವನ್ನು ತೆಗೆಯಲು ತಂದ ಯಂತ್ರ ಅದಕ್ಕಿಂತ ಗಟ್ಟಿಯಾದ ಇನ್ನೊಂದನ್ನು ಕೊಟ್ಟಿತು. ನಾನು ಉಪಾಯ ಹೂಡಿದೆ. ದಿನಾ ಬೆಳಿಗ್ಗೆ ಏಳಕ್ಕೆ, ಅತ್ತೆ ಅಂಗಳದಲ್ಲಿ ಇರುವಾಗ, ಅಡುಗೆಮನೆಯಿಂದ ಒತ್ತಿ ಶುರು ಮಾಡುವುದು. ನಾಲ್ಕು ದಿನ ನೋಡಿದರೆ ರೂಢಿಯಾಗುತ್ತದೆ, ಮಿಕ್ಸಿ ಬಂದಾಗಲೂ ಹೀಗೇ ಹೆದರಿದ್ದರಲ್ಲ ಎಂಬ ಲೆಕ್ಕ.

ಸೋಮವಾರ ಬೆಳಿಗ್ಗೆ ಒತ್ತಿದೆ. ಕಾರು ಕಲ್ಲಿನ ಹಾಗೆ ಕುಳಿತಿತ್ತು. ಮತ್ತೆ ಒತ್ತಿದೆ. ಕಿಟಕಿಯಿಂದ ಕೈ ಹೊರಗೆ ಹಾಕಿ ಒತ್ತಿದೆ, ಜಗಲಿಗೆ ಬಂದು ಒತ್ತಿದೆ, ಕಾರಿನ ಮೂತಿಗೇ ಹಿಡಿದು ಒತ್ತಿದೆ. ಎರಡು ಸಲ ದೀಪ ಮಿಟುಕಿಸಿತು, ಅಷ್ಟೆ. ಕೀ ಹಾಕಿ ತಿರುಗಿಸಿದರೆ ತಕ್ಷಣ ಶುರು! ಅಂಗಡಿಗೆ ಹೋಗಿ, ರಘು ಹೇಳಿದ ಕ್ರಮದಲ್ಲೇ ನಿಲ್ಲಿಸಿ, ಮಧ್ಯಾಹ್ನ ಕುತೂಹಲಕ್ಕೆ ಒಳಗಿನಿಂದ ಒತ್ತಿದರೆ, ಅಯ್ಯೋ ದೇವರೇ, ಸರ್ಕಲಿನಲ್ಲಿ ನಿಂತವರೆಲ್ಲ ಬೆಚ್ಚಿ ತಿರುಗುವ ಹಾಗೆ ಶುರುವಾಯಿತು. ಮಂಗಳವಾರ ಬೆಳಿಗ್ಗೆ ಮನೆಯಲ್ಲಿ ಇಲ್ಲ. ಮಧ್ಯಾಹ್ನ ಪೇಟೆಯಲ್ಲಿ ಉಂಟು. ಬುಧವಾರವೂ ಅದೇ. ನಾನು ಜೆರಾಕ್ಸಿನ ಹಾಳೆಯ ಹಿಂಬದಿಯಲ್ಲಿ ಗೆರೆ ಎಳೆದು ಹೊತ್ತು, ಜಾಗ, ಬಿಸಿಲು, ನೆರಳು ಎಲ್ಲ ಬರೆದಿಟ್ಟೆ. ನೋಡಿ ನೋಡಿ ತಲೆಯೊಳಗೆ ಮಬ್ಬು ಕವಿಯಿತೇ ಹೊರತು ಒಂದೂ ಹೊಳೆಯಲಿಲ್ಲ. ಮನೆಯಲ್ಲಿ ಮುಷ್ಕರ ಹೂಡಿ ಪೇಟೆಯಲ್ಲಿ ಚುರುಕಾಗುವ ಸ್ವಭಾವ ಗಂಡಸರಲ್ಲಿ ಕಂಡಿದ್ದೆ, ಕಾರಿನಲ್ಲಿ ಕಂಡಿರಲಿಲ್ಲ.

ಸಲಹೆಗಳಿಗೆ ಬರವಿಲ್ಲ. ನಮ್ಮವರು ಇಲಿ ಎಂದರು. ಬಾನೆಟ್ಟು ತೆಗೆದು ನೋಡಿದರೆ ಇಲಿಯ ಕುರುಹೂ ಇಲ್ಲ, ಆದರೂ ಮೂಲೆಗೊಂದು ಹೊಗೆಸೊಪ್ಪಿನ ಎಲೆ ಇಟ್ಟು ಮೂರು ದಿನ ಕಾರಿಡೀ ಅಜ್ಜಂದಿರ ವಾಸನೆ. ಬೈಂದೂರಿನಲ್ಲಿ ರಮೇಶನ ಗೆಳೆಯನೊಬ್ಬ ವೈರಿಂಗ್ ಬಲ್ಲವನಂತೆ. ಕಾರು ನೋಡದೆಯೇ ಫೋನಿನಲ್ಲಿ "ಅರ್ತ್ ಸಮ ಇಲ್ಲೆ ಅಕ್ಕಾ" ಎಂದ. ನೆರೆಮನೆಯ ಹಿರಿಯರೊಬ್ಬರು ಎಲ್ಲ ಕೇಳಿ, "ಪೇಟೆಲಿ ಆತ್ತ್, ಮನೆಲಿ ಆತಿಲ್ಲೆ ಅಂದ್ರೆ ಜಾಗದ್ ದೋಷವೇ ಸೈ. ಒಂದ್ಸಲ ಜೋಯಿಸ್ರತ್ರ ಪ್ರಶ್ನೆ ಇಡ್ಸಿ ಕಾಣಿ" ಎಂದರು. ಒಬ್ಬನಿಗೆ ಭೂಮಿಯ ಸಂಪರ್ಕ ಸರಿಯಿಲ್ಲ, ಇನ್ನೊಬ್ಬರಿಗೆ ಭೂಮಿಯೇ ಸರಿಯಿಲ್ಲ. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ; ನಮ್ಮ ಅಂಗಳವಂತೂ ನಿಜವಾಗಿಯೇ ಡೊಂಕು. ನನಗೆ ಯಾರನ್ನು ನಂಬಬೇಕೆಂದೇ ತಿಳಿಯದಾಯಿತು.

ಡಾಕ್ಟರಿಗೂ ವಾಯುವಿಗೂ ಇರುವ ಸಂಬಂಧವೇ ಎಲೆಕ್ಟ್ರಿಷಿಯನ್ನಿಗೂ ಅರ್ತಿಗೂ ಇದೆ ಎಂದು ಈ ದಿನಗಳಲ್ಲಿ ನಾನು ಕಂಡುಕೊಂಡೆ. ಹೊಟ್ಟೆ ಯಾಕೆ ನೋಯುತ್ತದೆ ಎಂದು ತಿಳಿಯದಿದ್ದಾಗ ವಾಯು. ದೀಪ ಯಾಕೆ ಉರಿಯುವುದಿಲ್ಲ ಎಂದು ತಿಳಿಯದಿದ್ದಾಗ ಅರ್ತು. ಮಗು ಯಾಕೆ ಅಳುತ್ತದೆ ಎಂದು ತಿಳಿಯದಿದ್ದಾಗ ದೃಷ್ಟಿ. ತಿಳಿಯದು ಎಂಬ ಮಾತಿಗೆ ಪ್ರತಿ ಕಸುಬಿನವರೂ ಒಂದೊಂದು ಗೌರವದ ಹೆಸರಿಟ್ಟಿದ್ದಾರೆ. ಜೆರಾಕ್ಸಿನವರಾದ ನಮ್ಮಲ್ಲೂ ಇದೆ. ಮಷೀನು ನಿಂತರೆ ನಾವು ಗಂಭೀರವಾಗಿ "ಹೀಟ್ ಆಯ್ತ್" ಎನ್ನುತ್ತೇವೆ. ಗಿರಾಕಿ ತಲೆಯಾಡಿಸುತ್ತಾನೆ. ಅವನಿಗೂ ಒಂದು ಹೆಸರು ಸಿಕ್ಕರೆ ಸಾಕು.

ಶನಿವಾರ ರಘುವೇ ಬಂದ. ನನ್ನ ಕೋಷ್ಟಕವನ್ನು ಕೈಯಲ್ಲಿ ಹಿಡಿದು ಎರಡು ನಿಮಿಷ ನೋಡಿದ. ಕಾರನ್ನು ತಾನೇ ನಿಲ್ಲಿಸಿ, ಇಳಿದು, ಒತ್ತಿದ. ಶುರು! ಹತ್ತು ಸಲ ಒತ್ತಿದ, ಹತ್ತು ಸಲವೂ ಶುರು. ನನಗೆ ಭೂಮಿ ಬಾಯಿ ಬಿಡಬಾರದೇ ಎನ್ನಿಸಿತು. "ಅಕ್ಕಾ, ನೀವ್ ಇದ್ರದ್ದ್..." ಎಂದು ಅವನು ಏನೋ ಕೇಳಲು ಬಾಯಿ ತೆರೆದ. ಅಷ್ಟರಲ್ಲಿ ಅತ್ತೆ ತಟ್ಟೆ ಹಿಡಿದು ಬಂದು, "ಬಿಸಿ ಬನ್ಸ್ ಇತ್ತ್, ತಿನ್ ಮಗಾ, ಮಾತ್ ಕಡೆಗಾಯ್ತ್" ಎಂದರು. ಒಂದು ತಿಂದ, ಇನ್ನೊಂದು ಹಾಕಿದರು, ಮೂರನೆಯದು ಬೇಡವೆಂದರೂ ಬಿಡಲಿಲ್ಲ. ತಿಂದ ಮೇಲೆ ರಘು ಅತ್ತೆಯ ಮುಖವನ್ನು ಒಮ್ಮೆ ನೋಡಿ, ಯಾವುದೋ ಸ್ಕ್ರೂ ಬಿಗಿ ಮಾಡಿ, "ಅರ್ತ್ ಒಂಚೂರ್ ಲೂಸ್ ಇದ್ದಿತ್ತ್" ಎಂದು ಹೇಳಿ ಹೊರಟುಹೋದ. ಭಾನುವಾರ ಬೆಳಿಗ್ಗೆ ಕಾರು ಮತ್ತೆ ಮೌನ.

ಸೋಮವಾರ ಅಂಗಡಿ ಮುಚ್ಚಿ ಬ್ರಹ್ಮಾವರಕ್ಕೆ ಹೋದೆ. ಅಲ್ಲಿ ಒಬ್ಬರು ಇಂಥವುಗಳಲ್ಲಿ ಬಹಳ ಪಳಗಿದವರಂತೆ. ಕಂಪ್ಯೂಟರಿನ ದಾರವೊಂದನ್ನು ಕಾರಿಗೆ ಚುಚ್ಚಿ ಅರ್ಧ ಗಂಟೆ ನೋಡಿ, "ಹ್ವಾಯ್, ನಿಮ್ ಗಾಡಿಗೆ ಎಂತ ಆಯ್ಲಿಲ್ಲೆ ಮಾರಾಯ್ರೆ" ಎಂದರು. ಅವರ ಸ್ವರದಲ್ಲಿ ಏನಾದರೂ ಆಗಿರುವುದಿದ್ದರೆ ಅದು ಗಾಡಿಗಲ್ಲ ಎಂಬ ಸೂಚನೆಯಿತ್ತು. ದಾರಿಯುದ್ದಕ್ಕೂ ಸಿಟ್ಟು, ನಾಚಿಕೆ, ಹೆದರಿಕೆ ಎಲ್ಲ ಒಟ್ಟಿಗೆ. ಗುರುವಾರಕ್ಕೆ ಮೂರೇ ದಿನ. ತಣ್ಣಗಿನ ಕಾರು ಕೊಡುತ್ತೇನೆಂದು ಅತ್ತೆಗೆ ಮಾತು ಕೊಟ್ಟಿದ್ದೆ. ಆ ಕಡೆ ಶುರುವಾದರೆ ಅತ್ತೆ ಹತ್ತುವುದಿಲ್ಲ, ಈ ಕಡೆ ಶುರುವಾಗದಿದ್ದರೆ ತಣ್ಣಗಾಗುವುದಿಲ್ಲ. ನಡುವೆ ಆ ಎರಡು ಕಣ್ಣುಗಳು.

ಮಂಗಳವಾರ ಅಂಗಡಿಯಲ್ಲಿ ಒಬ್ಬರು ಜಾಗದ ದಾಖಲೆಯ ಪ್ರತಿ ಮಾಡಿಸಲು ಬಂದಿದ್ದರು. ನಲವತ್ತು ಪುಟ. ಅವಸರದ ಮನುಷ್ಯ. ಪ್ರತಿ ಎಲ್ಲಿಯವರೆಗೆ ಬಂತು ನೋಡೋಣವೆಂದು ಮಷೀನಿನ ಪಕ್ಕದ ಬಾಗಿಲನ್ನೇ ತೆರೆದುಬಿಟ್ಟರು. ಮಷೀನು ಗಕ್ಕನೆ ನಿಂತಿತು. ನಾನು ದಿನಕ್ಕೆ ನಾಲ್ಕು ಸಲ ಹೇಳುವ ಮಾತನ್ನೇ ಹೇಳಿದೆ: "ಬಾಗ್ಲ್ ತೆಗಿಬೇಡಿ ಮಾರಾಯ್ರೆ! ತೆಗ್ದ್ರೆ ಅದ್ ಅಲ್ಲಿಗಂಟ ಮಾಡದ್ದೆಲ್ಲ ಮರ್ತ್ ಬಿಡತ್ತ್, ಮತ್ತೆ ಸುರುವಿಂದ ಹೇಳ್ಕ್."

ಹೇಳಿ ಮುಗಿಸಿ ಹಾಗೆಯೇ ನಿಂತೆ.

ಕಾರಿಗೂ ಬಾಗಿಲಿದೆ. ಒಂದಲ್ಲ, ನಾಲ್ಕು. ರಘುವಿಗೆ ಫೋನು ಮಾಡಿ, ನಿಲ್ಲಿಸಿದ ಮೇಲೆ ಯಾರಾದರೂ ಬಾಗಿಲು ತೆಗೆದರೆ ಏನಾಗುತ್ತದೆ ಎಂದು ಕೇಳಿದೆ. "ಎಲ್ಲ ಕ್ಯಾನ್ಸಲ್ ಅಕ್ಕಾ. ಯಾರೋ ಒಳಗೆ ಹೋಗಿ ಗೇರ್ ಹಾಕಿರೂ ಹಾಕಿರಕ್ಕ್ ಅಂದೇಳಿ ಅದ್ ಮತ್ತೆ ರಿಮೋಟಿಗೆ ಬಪ್ಪುದೇ ಇಲ್ಲೆ. ಆ ದಿನವೇ ಹೇಳಿದ್ನಲೆ" ಎಂದ. ಇಷ್ಟು ಹೇಳಿ ಯಾಕೋ ಅವಸರದಲ್ಲಿ ಫೋನು ಇಟ್ಟ. ಸರಿ, ಆದರೆ ತೆಗೆಯುವವರು ಯಾರು? ನಮ್ಮ ಕಡೆ ಅಂಗಳದಲ್ಲಿ ನಿಂತ ಕಾರಿಗೆ ಯಾರೂ ಬೀಗ ಹಾಕುವುದಿಲ್ಲ, ಹಾಕಿದರೆ ನೆರೆಯವರನ್ನು ಕಳ್ಳರೆಂದ ಹಾಗೆ. ಆದರೂ ಬಾಗಿಲು ತೆಗೆದುನೋಡುವಂಥದು ಅದರಲ್ಲಿ ಏನಿದೆ? ಅಂದು ಸಂಜೆ ಬೇಗ ಬಂದು, ಕಾರನ್ನು ಕ್ರಮದಲ್ಲಿ ನಿಲ್ಲಿಸಿ, ಅಡುಗೆಮನೆಯ ಕಿಟಕಿಯಲ್ಲಿ ಕಾದೆ.

ದೀಪ ಹಚ್ಚುವ ಹೊತ್ತಾಯಿತು. ಅತ್ತೆ ತುಳಸಿಗೆ ದೀಪವಿಟ್ಟರು. ಅಗರಬತ್ತಿ ಹಚ್ಚಿದರು. ಕೈಯಲ್ಲೊಂದು ದಾಸವಾಳ ಹಿಡಿದು, ತಡವರಿಸುತ್ತಾ, ಕಾರಿನ ಹತ್ತಿರ ಹೋದರು. ಡ್ರೈವರ್ ಬದಿಯ ಬಾಗಿಲು ತೆಗೆದು, ಡ್ಯಾಶ್‌ಬೋರ್ಡಿನ ಮೇಲಿರುವ ಬೆರಳುದ್ದದ ಗಣಪತಿಗೆ ಅಗರಬತ್ತಿ ತೋರಿಸಿ, ಹೂವಿಟ್ಟು, ಕೈಮುಗಿದು, ಬಾಗಿಲು ಹಾಕಿದರು. ಕಾರನ್ನು ಒಮ್ಮೆ ಹಸುವನ್ನು ಸವರುವ ಹಾಗೆ ಸವರಿದರು. ಒಳಗೆ ಬಂದರು. ಕಾರಿನೊಳಗೆ ದಿನಾ ಹೂವು ಕಾಣುತ್ತಿತ್ತು, ಇವರು ಇಟ್ಟದ್ದೆಂದು ಗೊತ್ತಿತ್ತೇ ಹೊರತು ಯಾವಾಗ ಎಂದು ನಾನು ಕೇಳಿಯೇ ಇರಲಿಲ್ಲ.

ನಗು ಉಕ್ಕಿ ಸೆರಗು ಬಾಯಿಗೆ ತುರುಕಿಕೊಂಡೆ. ಆಮೇಲೆ ನಗು ತಾನೇ ಇಳಿಯಿತು. ಪಾಪ, ಹೆದರಿದ ಜೀವ, ಕಾರು ತನ್ನಷ್ಟಕ್ಕೆ ಶುರುವಾಗದಿರಲಿ ಎಂದು ದಿನಾ ದೇವರಿಗೆ ಮೊರೆಯಿಡುತ್ತಿದೆ. ಆ ಮೊರೆಯಿಡಲು ತೆಗೆದ ಬಾಗಿಲಿನಿಂದಲೇ ಕಾರು ಶುರುವಾಗದೆ ನಿಲ್ಲುತ್ತಿದೆ. ಬೇಡಿಕೊಂಡದ್ದು ಇಷ್ಟು ಚೊಕ್ಕವಾಗಿ ಈಡೇರಿದ್ದನ್ನು ನಾನು ಬೇರೆಲ್ಲೂ ಕಂಡಿಲ್ಲ. ಇದನ್ನು ಹೇಳಿಬಿಡಲೇ? ಅತ್ತೇ, ಅದು ಗಣಪತಿಯಲ್ಲ, ಬಾಗಿಲು ಎನ್ನಲೇ? ಬುಧವಾರ ಬೆಳಿಗ್ಗೆ ಒತ್ತಿದೆ, ಕಾರು ಸುಮ್ಮನಿತ್ತು. ಅಂಗಳದಿಂದ ಅತ್ತೆ ಕೂಗಿ ಹೇಳಿದರು: "ಗಾಡಿಯ ಹುಚ್ಚ್ ಬಿಟ್ಟಂಗೆ ಕಾಂತ್. ನಾಳೆ ಹೋಪ ಹೆಣೆ, ಬೆಳಿಗ್ಗೆ ತಂಪಿರತ್ತಲೆ, ಬೇಗ ಹೊರಡುವ." ಅಷ್ಟೇ ಸಾಕಾಯಿತು. ಬಾಯಿಗೆ ಬೀಗ ಹಾಕಿದೆ. ವಿಜ್ಞಾನ ಗೊತ್ತಿದ್ದೂ ಹಿರಿಯರ ನಂಬಿಕೆಗೆ ನೋವಾಗದ ಹಾಗೆ ನಡೆದುಕೊಳ್ಳುವ ನನ್ನ ದೊಡ್ಡ ಮನಸ್ಸನ್ನು ನೆನೆದು ನನಗೇ ಒಂದು ರೀತಿ ಕಣ್ಣು ತುಂಬಿತು.

ಗುರುವಾರ ಕತ್ತಲು ಹರಿಯುವಾಗಲೇ ಹೊರಟೆವು. ಅತ್ತೆ ಒಂದು ಕಾರಣವನ್ನೂ ಕೊಡದೆ ಹತ್ತಿ ಕುಳಿತರು. ಬಲಗಣ್ಣಿನ ಆಪರೇಷನ್ ಸುಸೂತ್ರವಾಯಿತು. ರಾತ್ರಿ ಕುಂದಾಪುರದ ನೆಂಟರ ಮನೆಯಲ್ಲಿ ಉಳಿದೆವು. ಶುಕ್ರವಾರ ಪಟ್ಟಿ ಬಿಚ್ಚಿದಾಗ ಅತ್ತೆ ಎರಡು ನಿಮಿಷ ಎದುರಿನ ಗೋಡೆಯನ್ನೇ ನೋಡಿದರು. ಅದು ಬರೀ ಬಿಳಿ ಗೋಡೆ. ವಾಪಸು ಬರುವಾಗ ದಾರಿಯಲ್ಲಿ ಸಿಕ್ಕಿದ ಪ್ರತಿ ಬಸ್ಸಿನ ಬೋರ್ಡನ್ನೂ ಗಟ್ಟಿಯಾಗಿ ಓದಿದರು, ಕೆಲವು ಬಸ್ಸುಗಳನ್ನು ಹಳೆಯ ಪರಿಚಯದವರಂತೆ ಮಾತಾಡಿಸಿದರು. ನನಗೆ ಎಷ್ಟು ಖುಷಿಯಾಯಿತೆಂದರೆ ಹಾಲಾಡಿಯ ತಿರುವನ್ನೇ ದಾಟಿ ಮುಂದೆ ಹೋಗಿಬಿಟ್ಟಿದ್ದೆ.

ಮನೆ ಮುಟ್ಟಿ ಕಾರನ್ನು ಕ್ರಮದಲ್ಲಿ ನಿಲ್ಲಿಸಿದೆ. ಆಗ ಹೊಸ ಯೋಚನೆ ಹತ್ತಿಕೊಂಡಿತು. ಹೊಗೆಯ ಹತ್ತಿರ ಹೋಗಬಾರದೆಂದು ಡಾಕ್ಟರು ಹೇಳಿದ್ದಾರೆ, ಅಂದರೆ ಇವತ್ತು ಅಗರಬತ್ತಿ ಇಲ್ಲ. ಅಗರಬತ್ತಿ ಇಲ್ಲದಿದ್ದರೆ ಬಾಗಿಲು ತೆಗೆಯುವುದಿಲ್ಲ. ನಾಳೆ ಬೆಳಿಗ್ಗೆ ನನ್ನ ಕೈ ರೂಢಿಯಿಂದ ಗುಂಡಿ ಒತ್ತಿದರೆ, ಕಾರು ಗುರ್ರೆಂದು ಎದ್ದರೆ, ಆ ಮುದುಕಿಯ ಗತಿ! ಇನ್ನೊಂದು ಕಣ್ಣು ಬಾಕಿ ಇದೆ. ದೇವರು ಕೈಬಿಟ್ಟ ಎಂದುಕೊಂಡರೆ ಮತ್ತೆ ಕಾರು ಹತ್ತಿಸುವವರು ಯಾರು? ಕತ್ತಲಾಗುವ ಹೊತ್ತಿಗೆ, ಯಾರೂ ನೋಡುತ್ತಿಲ್ಲವೆಂದು ಖಾತ್ರಿ ಮಾಡಿಕೊಂಡು, ನಾನೇ ಹೋಗಿ ಕಾರಿನ ಬಾಗಿಲು ತೆಗೆದು ಹಾಕಿದೆ. ಗಣಪತಿಯ ಎದುರು ಇದ್ದ ಬಾಡಿದ ದಾಸವಾಳವನ್ನೂ ಬದಲಾಯಿಸಿದೆ. ಹತ್ತು ದಿನ ಯಾವ ದೋಷವನ್ನು ಹುಡುಕುತ್ತಾ ಬ್ರಹ್ಮಾವರದವರೆಗೆ ಅಲೆದೆನೋ, ಅದನ್ನು ಈಗ ನನ್ನ ಕೈಯಿಂದಲೇ ಮಾಡುತ್ತಿದ್ದೆ.

ಶನಿವಾರ ಬೆಳಿಗ್ಗೆ ಏಳಕ್ಕೆ ಅತ್ತೆ ಕಪ್ಪು ಕನ್ನಡಕ ಹಾಕಿಕೊಂಡು ಅಂಗಳದಲ್ಲಿದ್ದರು. ಕಾರಿನ ಗಾಜಿಗೆ ಮೂಗು ತಾಗುವಷ್ಟು ಹತ್ತಿರ ನಿಂತು ಒಳಗೆ ಏನನ್ನೋ ಇಣುಕಿ ನೋಡಿದರು. ಆಮೇಲೆ ತುಳಸಿಕಟ್ಟೆಯ ಹತ್ತಿರ ಹೋಗಿ, ರಿಮೋಟು ಹಿಡಿದು ಅಂಗಳಕ್ಕೆ ಬಂದಿದ್ದ ನನ್ನ ಕಡೆ ತಿರುಗಿ, "ಎಂತಕೆ ಸುಮ್ನೆ ನಿಂತಿದ್ದೆ? ಒತ್ತ್ ಕಾಂಬ" ಎಂದರು.

ಒತ್ತಿದೆ. ದೀಪ ಎರಡು ಸಲ ಮಿಟುಕಿತು. ಕಾರು ಸುಮ್ಮನಿತ್ತು. ನಾನು ಮುಖ ಸಪ್ಪೆ ಮಾಡಿ ನಿಂತೆ.

ಅತ್ತೆ ಕಾರನ್ನು ನೋಡಿದರು. "ಹೌದಾ?" ಎಂದರು. "ಇದೆಂತ ಮಾರಾಯ್ತಿ? ನಿನ್ನೆ ನಾ ಬಾಗ್ಲೇ ತೆಗಿಲಿಲ್ಲೆ ಅಲ್ದಾ!"

ನನಗೆ ಮೊದಲು ಅರ್ಥವಾಗಲಿಲ್ಲ. ಅರ್ಥವಾದಾಗ ನಾಲಿಗೆ ಜಾರಿತು. "ನಾ ತೆಗ್ದೆ," ಎಂದೆ.

"ನೀ ಎಂತಕೆ ತೆಗ್ದೆ?"

"ನೀವ್ ಎಂತಕೆ ತೆಗಿತಿದ್ರಿ?"

ತುಳಸಿಕಟ್ಟೆಯ ಆಚೆ ಅವರು, ಈಚೆ ನಾನು. ಇಬ್ಬರೂ ಒಂದೇ ಮನೆಯಲ್ಲಿ ಸಿಕ್ಕಿಬಿದ್ದ ಕಳ್ಳರ ಹಾಗೆ ಮುಖ ಮುಖ ನೋಡಿಕೊಂಡೆವು. ಕೊನೆಗೆ ಅತ್ತೆಯೇ ಜಗಲಿಯ ಮೇಲೆ ಕುಳಿತು ಹೇಳಿದರು. ಜೋಡಿಸಿದ ದಿನ ನಾವೆಲ್ಲ ಇದನ್ನು ಶುರು ಮಾಡುವುದು ಹೇಗೆ ಎಂದು ಕೇಳುತ್ತಿದ್ದಾಗ, ನಿಲ್ಲಿಸುವುದು ಹೇಗೆ ಎಂದು ರಘುವನ್ನು ಕೇಳಿದವರು ಅವರೊಬ್ಬರೇ. ಬಾಗಿಲು ತೆಗೆದು ಹಾಕಿದರೆ ಸಾಕು ಅಮ್ಮ, ಮತ್ತೆ ತನ್ನಷ್ಟಕ್ಕೆ ಶುರುವಾಗುವುದಿಲ್ಲ ಎಂದು ಅವನು ಹೇಳಿದ್ದ. ಆ ಶನಿವಾರ ರಘುವಿನ ಬಾಯಿ ಮುಚ್ಚಿಸಿದ ಬನ್ಸಿನ ಅರ್ಥ ನನಗೆ ಆಗ ಹೊಳೆಯಿತು.

"ಮತ್ತೆ ಆ ಅಗರಬತ್ತಿ?" ಎಂದೆ.

"ಬರೀ ಬಾಗ್ಲ್ ತೆಗ್ದ್ ಹಾಕದ್ದ್ ಕಂಡ್ರೆ ನೀ ಎಂತಕೆ ಅಂದೇಳಿ ಕೇಂತಿದ್ದೆ. ಕೇಂಡ್ರೆ ಹೇಳ್ಕ್. ಹೇಳಿರೆ ನಿಂಗೆ ಬೇಜಾರಾತ್ತ್. ದೇವ್ರಿಗೆ ಅಂದ್ರೆ ಯಾರೂ ಕೇಂತಿಲ್ಲೆ." ತುಳಸಿಕಟ್ಟೆಯ ಮುರಿದ ಮೂಲೆಯ ಕಡೆ ನೋಡಿದರು. "ನಂಗೆ ಗಾಡಿ ಮೇಲೆ ಎಂತ ಸಂಶಯ ಇಲ್ಲೆ ಹೆಣೆ. ನಿನ್ ಮೇಲೇ. ನೀ ಅಲ್ಲಿ ದ್ವಾಸೆ ಮಗ್ಚುವತಿಗೆ ಇಲ್ಲಿ ಗಾಡಿ ಶುರು ಮಾಡ್ತೆ. ನಾನ್ ಈ ಕಟ್ಟೆ ಸುತ್ತುದು ಅದೇ ಹೊತ್ತಿಗೆ. ಗೇರ್ ನಡುವಲ್ಲಿ ಇತ್ತಾ ಇಲ್ಯಾ ಅಂದೇಳಿ ಕಾಂಬುಕೆ ನಂಗೆ ಕಣ್ಣಿಲ್ಲೆ. ಬಾಗ್ಲ್ ತೆಗುಕೆ ಕೈ ಇತ್ತ್."

ಎರಡು ವರ್ಷ ಬೈಯದೆ ಇಟ್ಟುಕೊಂಡಿದ್ದ ಬೈಗುಳ ಕೊನೆಗೂ ನನ್ನ ಕೈ ಸೇರಿತು. ಆದರೆ ನೋವಾಗಲಿಲ್ಲ, ಒಂದು ಬಗೆಯ ಹಗುರವೇ ಆಯಿತು. ನಾನು ಅವರ ನಂಬಿಕೆಗೆ ನೋವಾಗದಿರಲಿ ಎಂದು ಬಾಯಿ ಮುಚ್ಚಿಕೊಂಡಿದ್ದೆ. ಅವರು ನನ್ನ ಮೇಲೆ ನಂಬಿಕೆಯಿಲ್ಲವೆಂದು ನನಗೆ ತಿಳಿಯದಿರಲಿ ಎಂದು ಗಣಪತಿಯನ್ನು ಮುಂದೆ ಮಾಡಿದ್ದರು. ಇಬ್ಬರ ಮರ್ಯಾದೆಯ ನಡುವೆ ಸಿಕ್ಕಿ ಆ ಬಡ ಯಂತ್ರ ಹುಚ್ಚನೆಂಬ ಹೆಸರು ಹೊತ್ತುಕೊಂಡಿತ್ತು. ಬಾಗಿಲು ತೆಗೆದರೆ ಏಳಕೂಡದು ಎಂದು ಅದಕ್ಕೆ ಕಲಿಸಿದವನು ಯಾವ ದೇಶದಲ್ಲಿ ಕುಳಿತಿದ್ದನೋ ಗೊತ್ತಿಲ್ಲ. ಅವನ ಮನೆಯಲ್ಲೂ ನನ್ನಂಥವಳೊಬ್ಬಳು ಇರಲೇಬೇಕು.

"ಹಂಗಾರೆ ಆಪರೇಷನಿಗೆ ಒಪ್ಪಿದ್ದ್ ಎಂತಕೆ? ಗಾಡಿ ಹುಚ್ಚ್ ಬಿಡ್ತಲೆ, ಅದಕ್ಕೆ ಅಂದೇಳಿ ನಾನ್ ಎಣ್ಸಿದ್ದೆ" ಎಂದು ಕೇಳಿದೆ.

"ದಿನಾ ಬಗ್ಗಿ ಬಾಗ್ಲ್ ತೆಗ್ದ್ ಹಾಕುಕೆ ನನ್ ಸೊಂಟಕ್ಕ್ ಆತಿಲ್ಲೆ," ಎಂದರು ಅತ್ತೆ. "ಅದಕ್ಕಿಂತ ಕಣ್ಣ್ ಮಾಡ್ಸಂಬುದೇ ಸಸಾರ. ಈಗ ಗಾಜಿಂದ ಕಂಡೆ. ಗೇರ್ ನಡುವಲ್ಲೇ ಇತ್ತ್."

ಮಳೆಗಾಲ ಕಳೆದು ಎಡಗಣ್ಣೂ ಆಯಿತು. ಈಗ ದಿನಾ ಏಳು ಗಂಟೆಗೆ ನಾನು ಅಡುಗೆಮನೆಯಲ್ಲಿ ರಿಮೋಟು ಹಿಡಿದು ಕಾಯುತ್ತೇನೆ. ಅಂಗಳದಲ್ಲಿ ಅತ್ತೆ ಗಾಜಿಗೆ ಮೂಗು ಹಚ್ಚಿ ಒಳಗೆ ನೋಡಿ, ತುಳಸಿಕಟ್ಟೆಯಿಂದ ದೂರ ಸರಿದು, "ಕಂಡೆ, ಒತ್ತ್" ಎಂದು ಕೂಗುತ್ತಾರೆ. ಆಮೇಲೆ ಒತ್ತುತ್ತೇನೆ. ಒಂದು ದಿನವೂ ತಪ್ಪಿಲ್ಲ. ಮೊನ್ನೆ ಮುಂಬಯಿಯಿಂದ ಬಂದಿದ್ದ ರಮೇಶ ಇದನ್ನು ನೋಡಿ, ಆಳಿಲ್ಲದೆ ಶುರುವಾಗಲೆಂದು ಕಳಿಸಿದ್ದಕ್ಕೆ ನೀವು ಇಬ್ಬರು ಆಳು ಇಟ್ಟಿದ್ದೀರಲ್ಲ ಎಂದು ನಕ್ಕ. ಅತ್ತೆ ಅವನಿಗೆ ಇನ್ನೊಂದು ಬನ್ಸು ಹಾಕಿದರು.